ಮಾದರಿ ರೈಲು ಕಟ್ಟುವ ಕ್ರಮ

ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಹಿಂದೆ ಮೂರು ಅಗಲದ ರೈಲುಮಾರ್ಗಗಳಿದ್ದವು. ಅಕ್ಕಲಕೋಟ ರೋಡ್ ನಿಲ್ದಾಣದ ಮೇಲೆ ರಾಯಚೂರಿಗೆ ಹೋಗುವ ಬ್ರಾಡ್‌ಗೇಜಿನ ಹಳಿಗಳ ಅಂತರ 1676 ಮಿಲಿಮೀಟರ್. ಹೊಟಗಿಯಿಂದ ಗದಗಿಗೆ ಹೋಗುತ್ತಿದ್ದ ಮೀಟರ್‌ಗೇಜಿನದು 1000. 1897ರಲ್ಲಿ ಆರಂಭವಾದ ಬಾರ್ಶಿ ಲೈಟ್ ರೈಲ್ವೆಯದು ಕೇವಲ 762. ಕಿರಿಯವೆರಡೂ ಈಗ ಬ್ರಾಡ್‌ಗೇಜಾಗಿವೆ. ಅವುಗಳ ರೂಪವನ್ನು ವಿದ್ಯಾರ್ಥಿಗಳು ರಟ್ಟು, ಬಿದಿರುಕಡ್ಡಿಗಳ ಮಾದರಿಯಲ್ಲಿ ಉಳಿಸಬಹುದು.

ಮೊದಲು ಪ್ರಮಾಣವನ್ನು ನಿಶ್ಚಯಿಸಬೇಕು. ಐವತ್ತರಲ್ಲಿ ಒಂದಂಶವೆಂದರೆ ಹಳಿಗಳ ಅಂತರ ಕ್ರಮವಾಗಿ ಸುಮಾರು 33½, 20 ಮತ್ತು 15 ಮಿಲಿಮೀಟರ್ ಆಗುತ್ತದೆ. ಎಂಜಿನ್, ಡಬ್ಬಿ, ನಿಲ್ದಾಣದ ಬಾಗಿಲು, ನಿಂತ ಮನುಷ್ಯ, ಎಲ್ಲವನ್ನೂ ಇದೇ ಭಾಗಾಕಾರದಿಂದ ಅಳೆಯಬೇಕು.

ಅನಂತರ ಕಾಲವನ್ನು ಗೊತ್ತುಪಡಿಸಬೇಕು. 1930ನೆಯ ಇಸವಿಯನ್ನು ಆರಿಸಿದರೆ ಉಗಿ ಎಂಜಿನ್, ಅದಕ್ಕೆ ನೀರಿನ ತೊಟ್ಟಿ, ಕೈಮರ ಇವು ಇರಲೇಬೇಕು. ಡೀಸೆಲ್ ಎಂಜಿನ್, ಮೇಲಿನ ವಿದ್ಯುತ್ ತಂತಿ ಸಲ್ಲವು. ಬ್ರಾಡ್‌ಗೇಜಿನ ಡಬ್ಬಿಯ ಮೇಲೆ ಸೆಂಟ್ರಲ್ ರೈಲ್ವೆಯ ಹೆಸರನ್ನೂ ಬರೆಯಲಾಗದು. ಅದು ಹುಟ್ಟಿದ್ದು 1951ರಲ್ಲಿ. ಆಗ ಇದ್ದುದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಒಂದು ತಪ್ಪು ವಸ್ತು ಸೇರಿದರೂ ಮಾದರಿ ಸುಳ್ಳು ಹೇಳುತ್ತದೆ.

ಚಿಕ್ಕ ರೈಲಿನಲ್ಲಿ ಪಂಢರಪುರಕ್ಕೆ ಹೋಗಿಬಂದ ಹಿರಿಯರು ಮನೆಯಲ್ಲಿದ್ದರೆ, ಪಾಲಕರು ಮಕ್ಕಳನ್ನು ಅವರ ಬಳಿ ಕೂಡಿಸಲಿ. ಡಬ್ಬಿಯ ಬಣ್ಣ, ಆಸನದ ರೀತಿಗಳನ್ನು ಮಕ್ಕಳು ಕೇಳಿ ಬರೆದಿಟ್ಟುಕೊಳ್ಳಲಿ. ಆ ನೆನಪು ಅವರೊಡನೆ ಹೋದರೆ ಮರಳಿ ದೊರೆಯದು.