ಡಾರ್ಕ್‌ರೂಮಿಗೆ ಎಂಥ ಟೈಮರ್ ಬೇಕು?

ಬಾತ್‌ರೂಮನ್ನೇ ಡಾರ್ಕ್‌ರೂಮ್ ಮಾಡಿಕೊಳ್ಳೋದು ಹೇಗೆ ಅಂತ ಹೋದ ಸಲ ನೋಡಿದ್ವಿ. ಆಮೇಲೆ ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: "ಟೈಮರ್ ಯಾವುದು ತಗೊಳ್ಳಲಿ? ಮೊಬೈಲ್ ಸಾಲದಾ?" ಇವತ್ತು ಅದನ್ನೇ ಮಾತಾಡೋಣ.

ಮೊದಲು ನಾನು ಪೆಟ್ಟು ತಿಂದ ಕಥೆ ಹೇಳ್ತೀನಿ. ಪುಣೆಯ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಅಜ್ಜಿಯ ಹಳೇ ನೆಗೆಟಿವ್ ಒಂದನ್ನು ಪ್ರಿಂಟ್ ಮಾಡ್ತಿದ್ದೆ. ಎರಡು ಪ್ರತಿ ಬೇಕಿತ್ತು, ಒಂದು ದಾವಣಗೆರೆಯಲ್ಲಿರೋ ಅಮ್ಮನಿಗೆ, ಇನ್ನೊಂದು ಅಣ್ಣನಿಗೆ. ಎನ್‌ಲಾರ್ಜರ್ ಸ್ವಿಚ್ಚನ್ನು ಕೈಯಲ್ಲೇ ಒತ್ತಿ, ಮನಸ್ಸಿನಲ್ಲೇ ನಾಲ್ಕು ಎಣಿಸಿ ಆಫ್ ಮಾಡ್ತಿದ್ದೆ. ಮೊದಲ ಪ್ರಿಂಟಿನಲ್ಲಿ ಅಜ್ಜಿಯ ಬಿಳಿ ಸೀರೆಯ ನೆರಿಗೆ ಒಂದೊಂದೂ ಕಾಣ್ತಿತ್ತು. ಎರಡನೆಯದರಲ್ಲಿ ನೆರಿಗೆಯೇ ಇಲ್ಲ, ಬರೀ ಬಿಳಿ. ಆರು ಪೇಪರ್ ಹಾಳು ಮಾಡಿದೆ, ಮೊದಲಿನದು ಮತ್ತೆ ಬರಲೇ ಇಲ್ಲ.

ಅವತ್ತು ಅರ್ಥವಾಗಿದ್ದು ಇಷ್ಟು. ಡಾರ್ಕ್‌ರೂಮಿನಲ್ಲಿ ಗಡಿಯಾರಕ್ಕೆ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ಎನ್‌ಲಾರ್ಜರ್ ದೀಪವನ್ನು ಹೊತ್ತಿಸಿ ಆರಿಸೋದು. ಇನ್ನೊಂದು, ಫಿಲ್ಮ್ ಅಥವಾ ಪೇಪರ್ ಕೆಮಿಕಲ್‌ನಲ್ಲಿ ಎಷ್ಟು ಹೊತ್ತು ಇದೆ ಅಂತ ತೋರಿಸೋದು. ದುಡ್ಡು ಖರ್ಚು ಮಾಡಬೇಕಾದ್ದು ಮೊದಲನೆಯದಕ್ಕೆ ಮಾತ್ರ.

ಎರಡನೆಯದನ್ನೇ ಮೊದಲು ಮುಗಿಸಿಬಿಡೋಣ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು 400 ಐಎಸ್ಒದಲ್ಲಿ ತೆಗೆದಿದ್ದರೆ, ನೀರು ಬೆರೆಸದ ಐಡಿ-11 ಡೆವಲಪರ್‌ನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಅಲ್ಲಿ ಐದು ಸೆಕೆಂಡ್ ಹೆಚ್ಚುಕಮ್ಮಿ ಆದರೂ ಶೇಕಡಾ 1ರಷ್ಟೇ ವ್ಯತ್ಯಾಸ. ಟ್ಯಾಂಕ್ ಮುಚ್ಚಳ ಹಾಕಿದ ಮೇಲೆ ಲೈಟ್ ಹಾಕಿಕೊಂಡೇ ಕೆಲಸ ಮಾಡ್ತೀವಿ, ಹಾಗಾಗಿ ಮೊಬೈಲ್ ಧಾರಾಳವಾಗಿ ಸಾಕು.

ಪ್ರಿಂಟ್ ಮಾಡುವಾಗ ಮಾತ್ರ ಮೊಬೈಲ್ ಪರದೆ ಬೇಡ. ಪೇಪರ್‌ಗೆ ನೀಲಿ, ಹಸಿರು ಬೆಳಕು ತಾಗುತ್ತೆ, ಅದಕ್ಕೇ ಅಲ್ಲಿ ಕೆಂಪು ದೀಪ ಇಡೋದು. ಪರದೆಯ ಬಿಳಿ ಬೆಳಕು ಬಿದ್ದರೆ ಪೇಪರ್ ಮಂಕಾಗುತ್ತೆ. ದೊಡ್ಡ ಸೆಕೆಂಡ್ ಮುಳ್ಳಿನ ಗೋಡೆ ಗಡಿಯಾರವನ್ನು ಕೆಂಪು ದೀಪದ ಹತ್ತಿರ ನೇತುಹಾಕಿ. ಅಥವಾ ನನ್ನ ಹಾಗೆ ಮಾಡಿ: "ಒಂದು ನಿಮಿಷ ಆಯ್ತು, ಎತ್ತು" ಅಂತ ನಿಮ್ಮದೇ ದನಿ ರೆಕಾರ್ಡ್ ಮಾಡಿಟ್ಟು, ಕತ್ತಲಾಗೋ ಮುಂಚೆ ಪ್ಲೇ ಒತ್ತಿ, ಫೋನನ್ನು ಜೇಬಿಗೆ ಹಾಕಿಕೊಳ್ಳಿ. ಒದ್ದೆ ಕೈಯಲ್ಲಿ ಏನೂ ಮುಟ್ಟೋ ಹಾಗಿಲ್ಲ.

ಈಗ ಎನ್‌ಲಾರ್ಜರ್ ಟೈಮರ್. ಇಲ್ಲಿ ಲೆಕ್ಕ ಪೂರ್ತಿ ಬೇರೆ. ಕೈಯಲ್ಲಿ ಸ್ವಿಚ್ ಒತ್ತೋದರಲ್ಲಿ ಅರ್ಧ ಸೆಕೆಂಡ್ ತಪ್ಪಿತು ಅಂದುಕೊಳ್ಳಿ. 4 ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ಅದು ಶೇಕಡಾ 12, ಅದೇ 16 ಸೆಕೆಂಡಿನಲ್ಲಿ ಶೇಕಡಾ 3. ಹಾಗಾಗಿ ಕಾಸಿಲ್ಲದ ಮೊದಲ ಪರಿಹಾರ ಲೆನ್ಸಿನಲ್ಲೇ ಇದೆ: ಎಫ್ 5.6ರಿಂದ ಎಫ್ 11ಕ್ಕೆ ಬನ್ನಿ, 4 ಸೆಕೆಂಡ್ 16 ಆಗುತ್ತೆ. ಆನ್ಸೆಲ್ ಆಡಮ್ಸ್ ಅಂಥವರೇ ಸೆಕೆಂಡಿಗೊಮ್ಮೆ ಟಕ್ ಅನ್ನೋ ಮೆಟ್ರೊನೋಮ್ ಇಟ್ಟುಕೊಂಡು ಎಣಿಸ್ತಿದ್ದರು.

ಟೈಮರ್ ಕೊಳ್ಳೋದೇ ಆದರೆ ಇಷ್ಟು ನೋಡಿ. ಸೆಕೆಂಡಿನ ಹತ್ತನೇ ಒಂದು ಭಾಗದವರೆಗೂ ಹೊಂದಿಸಲು ಬರಬೇಕು. ಒಂದೇ ಬಟನ್ ಒತ್ತಿದರೆ ಅದೇ ಸಮಯ ಮತ್ತೆ ಬರಬೇಕು. ಫೋಕಸ್ ಮಾಡಲು ದೀಪ ಉರಿಯುತ್ತಲೇ ಇರೋ ಹಾಗೆ ಬೇರೆ ಸ್ವಿಚ್ ಇರಬೇಕು. ಅಂಕಿಗಳು ಕೆಂಪಾಗಿರಬೇಕು.

ಇನ್ನೊಂದು ಮುಖ್ಯ ಎಚ್ಚರಿಕೆ, ಆನ್‌ಸೈಟಿನಿಂದ ವಾಪಸ್ ಬರೋರಿಗೆ. ಅಮೆರಿಕದಲ್ಲಿ ಹಳೇ ಮೋಟರ್ ಟೈಮರ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತೆ, ಫ್ರೀಕ್ವೆನ್ಸಿ ಬದಲಾಗಲ್ಲ. 60 ಹರ್ಟ್ಸ್‌ಗೆ ಮಾಡಿದ ಮೋಟರ್ ನಮ್ಮ 50 ಹರ್ಟ್ಸ್‌ನಲ್ಲಿ ನಿಧಾನವಾಗಿ ತಿರುಗುತ್ತೆ. 60 ಸೆಕೆಂಡ್ ಅಂತ ಇಟ್ಟರೆ 72 ಸೆಕೆಂಡ್ ಓಡುತ್ತೆ.

ಆರ್ಡುಯಿನೊ, ರಿಲೇ ಹಾಕಿ ನೀವೇ ಮಾಡಬಹುದಾ? ಖಂಡಿತ. ಆದರೆ ಅದು 230 ವೋಲ್ಟ್, ಪಕ್ಕದಲ್ಲೇ ನೀರು. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ, ಫ್ಯೂಸ್, ಅರ್ಥಿಂಗ್ ಇಲ್ಲದೆ ಕೈ ಹಾಕಬೇಡಿ. ವೈರಿಂಗನ್ನು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ.

ಕೊನೆಗೊಂದು ಮಾತು. ಎಷ್ಟೇ ಒಳ್ಳೇ ಟೈಮರ್ ಆದರೂ ಅಳೆಯೋದು ಸಮಯವನ್ನು, ಬೆಳಕನ್ನಲ್ಲ. ಹಳೇ ಫಿಲಮೆಂಟ್ ಬಲ್ಬಿನಲ್ಲಿ ವೋಲ್ಟೇಜ್ ಶೇಕಡಾ 5 ಇಳಿದರೆ ಬೆಳಕು ಸುಮಾರು ಶೇಕಡಾ 16 ಇಳಿಯುತ್ತೆ. ಪ್ರಿಂಟ್ ಮಾಡುವಾಗ ಗೀಸರ್ ಆಫ್ ಮಾಡಿ ಅಂತ ಮನೆಯವರಿಗೆ ಮೊದಲೇ ಹೇಳಿಬಿಡಿ.

ಹೋದ ತಿಂಗಳು ಅಜ್ಜಿಯ ನೆಗೆಟಿವ್ ಮತ್ತೆ ತೆಗೆದೆ. ಎಫ್ 11, 16 ಸೆಕೆಂಡ್, ಎರಡು ಪೇಪರ್. ಎರಡರಲ್ಲೂ ನೆರಿಗೆ ಇದೆ. ಯಾವುದು ಅಮ್ಮನಿಗೆ, ಯಾವುದು ಅಣ್ಣನಿಗೆ ಅಂತ ನನಗೇ ಗೊತ್ತಾಗದೆ, ಹಿಂದುಗಡೆ ಪೆನ್ಸಿಲ್‌ನಲ್ಲಿ ಹೆಸರು ಬರೆದು ಕಳಿಸಿದೆ.