ಫ್ಯಾನಿನ ಪಡುವಣಕ್ಕೆ ರೋಹಿಣಿ

ನಮ್ಮ ಕಡೆ ರೋಹಿಣಿ ಅಂದರೆ ಮಳೆ. ಮೃಗಶಿರಾ ಅಂದರೆ ಮಳೆ, ಆರಿದ್ರಾ ಅಂದರೂ ಮಳೆ. ಹೊಸದುರ್ಗದ ತೆಂಗಿನ ತೋಟದಲ್ಲಿ ಕೇಳಿ, ಹೊಳಲ್ಕೆರೆಯ ಹೊಲದ ಬದುವಿನಲ್ಲಿ ಕೇಳಿ, ಯಾವ ಮಳೆ ಯಾವಾಗ ಹುಟ್ಟುತ್ತದೆ, ಯಾವುದು ಕೈಕೊಟ್ಟಿತು ಎಂದು ಹಿರಿಯರು ಲೆಕ್ಕ ಒಪ್ಪಿಸುತ್ತಾರೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ಮಳೆಯ ಹೆಸರು ಮರೆಯಲು ಸಾಧ್ಯವೇ ಇಲ್ಲ.

ಆದರೆ ಆಕಾಶದಲ್ಲಿ ರೋಹಿಣಿ ಎಲ್ಲಿದೆ ಎಂದು ಕೇಳಿದರೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಅದಕ್ಕೆ ಕಾರಣವಿದೆ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹುಟ್ಟುತ್ತದೆ; ಆ ದಿನಗಳಲ್ಲಿ ಸೂರ್ಯ ಆ ನಕ್ಷತ್ರದ ಮಗ್ಗುಲಲ್ಲೇ ಇರುತ್ತಾನೆ. ಹೆಸರು ಊರೆಲ್ಲರ ಬಾಯಲ್ಲಿರುವಾಗ ಚುಕ್ಕಿ ಮಾತ್ರ ಅವನ ಬೆಳಕಿನಲ್ಲಿ ಮುಳುಗಿರುತ್ತದೆ. ಸಂಕ್ರಾಂತಿಯ ರಾತ್ರಿ ಒಂಬತ್ತೂವರೆಗೆ ಚಿತ್ರದುರ್ಗದ ಯಾವುದಾದರೂ ತಾರಸಿ ಹತ್ತಿ ನೆತ್ತಿಗೆ ಕಣ್ಣು ಹಾಯಿಸಿ. ಕೆಂಪು ಬೆರೆತ ಕಿತ್ತಳೆ ಬಣ್ಣದ ಒಂದು ಚುಕ್ಕಿ ಕಾಣುತ್ತದೆ. ರೋಹಿಣಿ ಅದೇ.

ಮಕ್ಕಳು ಮಲಗುವ ಕೋಣೆಯ ಸೀಲಿಂಗಿಗೆ ಕತ್ತಲಲ್ಲಿ ಹೊಳೆಯುವ ಚುಕ್ಕಿಗಳನ್ನಿಡುವ ಕೆಲಸದ ಬಗ್ಗೆ ಬರೆಯಲು ಕೂತು ಮಳೆಯಿಂದ ಶುರುಮಾಡಿದ್ದು ಬೇಕೆಂದೇ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ನಕ್ಷತ್ರಗಳನ್ನು ಕಂಡಕಂಡಲ್ಲಿ ಅಂಟಿಸುವುದು ಸುಲಭ. ಅಂಟು ಒಣಗಿದರೆ ಅವು ಒಂದೊಂದಾಗಿ ಹಾಸಿಗೆಗೆ ಉದುರುತ್ತವೆ. ಅದಕ್ಕಿಂತ ಬೇಸರದ ಸಂಗತಿ, ಅದು ಯಾವ ಊರಿನ ಆಕಾಶವೂ ಆಗಿರುವುದಿಲ್ಲ. ಎರಡು ಭಾನುವಾರ ಕೊಟ್ಟರೆ ನಮ್ಮ ನೆತ್ತಿಯ ಮೇಲಿನ ಆಕಾಶವನ್ನೇ ಬರೆಯಬಹುದು.

ಮೊದಲು ಬಣ್ಣದ ಮಾತು. ಕತ್ತಲಲ್ಲಿ ಹೊಳೆಯುವುದನ್ನೆಲ್ಲ ನಾವು 'ರೇಡಿಯಂ' ಎನ್ನುತ್ತೇವೆ. ಬೈಕಿಗೆ ಹೆಸರು ಕತ್ತರಿಸಿ ಅಂಟಿಸುವ ಅಂಗಡಿಗೂ ರೇಡಿಯಂ ಅಂಗಡಿ ಎಂದೇ ಹೆಸರು. ಈ ಬಣ್ಣದಲ್ಲಿ ರೇಡಿಯಂ ಇಲ್ಲ. ಹಿಂದೆ ಗಡಿಯಾರದ ಅಂಕಿಗಳಿಗೆ ನಿಜವಾದ ರೇಡಿಯಂ ಬಳಿಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಆ ಕೆಲಸಕ್ಕಿದ್ದ ಹೆಣ್ಣುಮಕ್ಕಳಿಗೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಲು ಕಲಿಸಿದ್ದರು. 1920ರ ದಶಕದಲ್ಲಿ ಅವರ ದವಡೆಯ ಮೂಳೆ ಕೊಳೆಯತೊಡಗಿತು, ಹಲವರು ಸತ್ತರು. ರೇಡಿಯಂ ಎಂಬ ಹೆಸರನ್ನು ನಾವು ಇಷ್ಟು ಸಲೀಸಾಗಿ ಹೇಳುವಾಗ ಅವರ ನೆನಪಿರಬೇಕು.

ಆಮೇಲೆ ಬಂದ ಬಣ್ಣ ಸತುವಿನ ಸಲ್ಫೈಡಿನದು. ಅದು ಹೊಳೆಯಲು ಚಿಟಿಕೆಯಷ್ಟು ತಾಮ್ರ ಬೆರೆಸುತ್ತಿದ್ದರು. ಆ ಹೊಳಪು ಬೇಗ ಆರಿಹೋಗುತ್ತಿತ್ತು. 1993ರಲ್ಲಿ ಜಪಾನಿನ ನೆಮೊಟೊ ಕಂಪನಿ ಸ್ಟ್ರಾನ್ಷಿಯಂ ಅಲ್ಯುಮಿನೇಟಿಗೆ ಯೂರೋಪಿಯಂ, ಡಿಸ್ಪ್ರೋಸಿಯಂ ಬೆರೆಸಿ ರಾತ್ರಿಯಿಡೀ ಸಣ್ಣಗೆ ಉಳಿಯುವ ಬೆಳಕನ್ನು ಪಡೆಯಿತು. ದೀಪದ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಹರಳಿನೊಳಗಿನ ಗುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕೋಣೆಯ ಶಾಖ ಅವನ್ನು ನಿಧಾನವಾಗಿ ಬಿಡಿಸುತ್ತದೆ, ಬಿಡುಗಡೆಯಾದಂತೆ ಹಸಿರು ಬೆಳಕು ಬರುತ್ತದೆ. ಹಾಗಾಗಿ ಏಪ್ರಿಲ್ಲಿನ ಸೆಕೆಯಲ್ಲಿ ಚುಕ್ಕಿಗಳು ಜೋರಾಗಿ ಉರಿದು ಬೇಗ ಬರಿದಾಗುತ್ತವೆ, ಜನವರಿಯ ಚಳಿಯಲ್ಲಿ ಮಂದವಾಗಿ ಹೆಚ್ಚು ಹೊತ್ತು ಬಾಳುತ್ತವೆ.

ಈ ಅಲ್ಯುಮಿನೇಟ್ ಪುಡಿ ಭಾರ, ಡಬ್ಬಿಯ ತಳಕ್ಕೆ ಇಳಿಯುತ್ತದೆ, ಕಲಕುತ್ತಲೇ ಇರಬೇಕು. ಅರೆದು ನುಣ್ಣಗೆ ಮಾಡಲು ಹೋದರೆ ಹೊಳಪು ಕೆಡುತ್ತದೆ. ಬಿಡಿ ಪುಡಿ ಕೊಂಡು ಕಲಸುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ನೀರು ಬೆರೆಯುವ ಬಣ್ಣಕ್ಕಾದರೆ ಮೇಲ್ಲೇಪ ಕೊಟ್ಟ ಪುಡಿಯೇ ಬೇಕು, ಬರೀ ಪುಡಿಯನ್ನು ನೀರು ತಿಂದುಹಾಕುತ್ತದೆ. ಬಿಳಿ ಸೀಲಿಂಗ್ ಒಳ್ಳೆಯದು. ಹಗಲು ಚುಕ್ಕಿ ಕಾಣುವುದಿಲ್ಲ, ರಾತ್ರಿ ಬಿಳಿ ಹಿನ್ನೆಲೆ ಬೆಳಕನ್ನು ನುಂಗದೆ ಹಿಂದಕ್ಕೆ ಕೊಡುತ್ತದೆ. ಹೋಂ ಥಿಯೇಟರಿನ ಕಪ್ಪು ಸೀಲಿಂಗಿನಲ್ಲಿ ಪ್ರತಿ ಚುಕ್ಕಿಗೂ ಮೊದಲು ಬಿಳಿ ಬೊಟ್ಟು ಇಡಬೇಕು. ಪರದೆಯ ಹತ್ತಿರದ ಭಾಗವನ್ನು ಖಾಲಿ ಬಿಡಬೇಕು.

ಇನ್ನು ನಕ್ಷೆ. ಎಲ್ಲ ಮನೆಗಳಂತೆ ಫ್ಯಾನು ಕೋಣೆಯ ನಡುವೆ ಇದೆ ಎಂದುಕೊಳ್ಳೋಣ. ಅದರ ಕೊಕ್ಕೆಯೇ ನೆತ್ತಿ. ಮಂಚದ ಮೇಲೆ ಅದರ ನೇರ ಕೆಳಗೆ ಮಲಗಿದವರ ಕಣ್ಣಿನಿಂದ ಸೀಲಿಂಗಿಗೆ ಎಂಟಡಿ ಇದ್ದರೆ, ನೆತ್ತಿಯಿಂದ ಹತ್ತು ಡಿಗ್ರಿ ದೂರದ ನಕ್ಷತ್ರ ಕೊಕ್ಕೆಯಿಂದ 1.4 ಅಡಿಗೆ, ಮೂವತ್ತು ಡಿಗ್ರಿಯದು 4.6 ಅಡಿಗೆ ಬೀಳುತ್ತದೆ. ಪುಸ್ತಕದ ತಾರಾನಕ್ಷೆಯನ್ನು ಮೇಜಿನ ಮೇಲಿಟ್ಟು ನೋಡಿದರೆ ಪೂರ್ವ ಎಡಕ್ಕಿದ್ದು ಗೊಂದಲವಾಗುತ್ತದೆ. ತಲೆಯ ಮೇಲೆ ಎತ್ತಿ ಹಿಡಿದರೆ ಸರಿಹೋಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ 14 ಡಿಗ್ರಿ ಅಕ್ಷಾಂಶದ ಆಚೀಚೆ ಇರುವುದರಿಂದ ಒಂದೇ ನಕ್ಷೆ ಸಾಕು.

ಸಂಕ್ರಾಂತಿಯ ರಾತ್ರಿ ಹತ್ತು ಗಂಟೆಯ ಆಕಾಶವನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಒಂಬತ್ತೂವರೆಯದನ್ನು ಬರೆದರೆ ರೋಹಿಣಿ ಫ್ಯಾನಿನ ಹಿಂದೆ ಅಡಗುತ್ತದೆ. ಹತ್ತಕ್ಕೆ ಅದು ಕೊಕ್ಕೆಯಿಂದ ಒಂದೂಕಾಲು ಅಡಿ ಪಡುವಣಕ್ಕೆ ಸರಿದಿರುತ್ತದೆ. ಅದರಾಚೆ ವಾಯವ್ಯಕ್ಕೆ ಕೃತ್ತಿಕೆಯ ಗೊಂಚಲು. ಫ್ಯಾನಿನ ಆಗ್ನೇಯಕ್ಕೆ ಮೊದಲು ಮೃಗಶಿರಾ, ಆಮೇಲೆ ಆರಿದ್ರಾ. ಈಶಾನ್ಯದ ಮೂಲೆಯ ಹತ್ತಿರ ಪುನರ್ವಸುವಿನ ಜೋಡಿ. ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು: ಮೇ ತಿಂಗಳ ನಡುವಿನಿಂದ ಜುಲೈ ನಡುವಿನವರೆಗಿನ ಮಳೆಗಳೆಲ್ಲ ಹುಟ್ಟುವ ಸರದಿಯಲ್ಲೇ ಪಡುವಣದಿಂದ ಮೂಡಣಕ್ಕೆ ಒಂದು ಸೀಲಿಂಗಿನಲ್ಲಿ ಕೂತುಬಿಡುತ್ತವೆ. ಇದನ್ನು ಮೊದಲ ಸಲ ಕಾಗದದ ಮೇಲೆ ಲೆಕ್ಕ ಹಾಕಿದಾಗ ನನಗಾದ ಸಂತೋಷ ಹೇಳತೀರದು. ಅಜ್ಜಿಯ ಪಂಚಾಂಗ ಮೊಮ್ಮಗಳ ಕಣ್ಣಿಗೆ ಚಿತ್ರವಾಗಿ ಸಿಗುತ್ತದೆ.

ದೊಡ್ಡ ಚುಕ್ಕಿಗೆ ಪೆನ್ಸಿಲ್ಲಿನ ಹಿಂತುದಿ, ನಡುವಿನದಕ್ಕೆ ಇಯರ್‌ಬಡ್, ಸಣ್ಣದಕ್ಕೆ ಬೆಂಕಿಕಡ್ಡಿ. ಬರಿಗಣ್ಣಿಗೆ ಒಮ್ಮೆಗೆ ಕಾಣುವ ನಕ್ಷತ್ರಗಳು ಎರಡೂವರೆ ಮೂರು ಸಾವಿರ. ಕೋಣೆಗೆ ಮುನ್ನೂರು ಧಾರಾಳ. ಆಕಾಶಗಂಗೆಗೆ ಬಣ್ಣವನ್ನು ತೆಳ್ಳಗೆ ಮಾಡಿ ಹಳೆಯ ಟೂತ್‌ಬ್ರಷ್ಷಿನಿಂದ ಚಿಮುಕಿಸಬಹುದು. ಕಾಲು ಗಂಟೆ ಟ್ಯೂಬ್‌ಲೈಟ್ ಉರಿಸಿ ಆರಿಸಿ. ಹಳದಿ ಬಲ್ಬು ಅಷ್ಟು ಕೆಲಸಕ್ಕೆ ಬಾರದು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು ಅರ್ಧ ಗಂಟೆ ಬೇಕು, ಚುಕ್ಕಿ ಮಂಕಾಗುತ್ತ ಹೋದಂತೆ ಕಣ್ಣು ಚುರುಕಾಗುತ್ತದೆ. ಕರೆಂಟು ಹೋದ ರಾತ್ರಿ ಇದರ ಚಂದ ಬೇರೆಯೇ.

ಛಾವಣಿಗೆ ಚಿತ್ರ ಬರೆಯುವುದು ಈ ಜಿಲ್ಲೆಗೆ ಹೊಸದಲ್ಲ. ಹಿರಿಯೂರಿನ ತೇರುಮಲ್ಲೇಶ್ವರ ದೇವಸ್ಥಾನದ ಮಂಟಪದಲ್ಲಿ ತಲೆಯೆತ್ತಿದರೆ ಪುರಾಣದ ಕಥೆಗಳು ಕಾಣುತ್ತವೆ. ಆಕಾಶವನ್ನು ಇಲ್ಲಿಗಿಳಿಸಿ ಅಭ್ಯಾಸ ಮಾಡುವುದೂ ಹೊಸದಲ್ಲ: ಚಂದ್ರಯಾನ-2ರ ಲ್ಯಾಂಡರ್ ಪರೀಕ್ಷೆಗೆಂದು ಇಸ್ರೋ ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿಸಿದ್ದು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ನೆಲದಲ್ಲಿ.

ಧ್ರುವ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ. ನಮ್ಮಲ್ಲಿ ಧ್ರುವ ಇರುವುದು ಬಡಗಣ ದಿಗಂತದಿಂದ ಬರೀ 14 ಡಿಗ್ರಿ ಮೇಲೆ, ಚಾಚಿದ ಕೈಯ ಒಂದೂವರೆ ಮುಷ್ಟಿ. ಎಂಟಡಿಯ ಲೆಕ್ಕದಲ್ಲಿ ಅದನ್ನು ಸೀಲಿಂಗಿಗೆ ಬರೆಯಬೇಕಾದರೆ ಕೊಕ್ಕೆಯಿಂದ 32 ಅಡಿ ದೂರ ಹೋಗಬೇಕು. ಆದ್ದರಿಂದ ಅದಕ್ಕೆ ಜಾಗ ಬಡಗಣ ಗೋಡೆಯಲ್ಲಿ. ಗೋಡೆ ಆರಡಿ ದೂರವಿದ್ದರೆ ಮಲಗಿದವರ ಕಣ್ಣಿಗಿಂತ ಒಂದೂವರೆ ಅಡಿ ಮೇಲೆ, ಅಂದರೆ ನೆಲದಿಂದ ಮೂರೂವರೆ ಅಡಿ. ಏಣಿ ಬೇಡ, ಪೇಂಟರೂ ಬೇಡ. ನಡುವಿನ ಗಾತ್ರದ ಆ ಒಂದು ಚುಕ್ಕಿಯನ್ನು ಐದು ವರ್ಷದ ಮಗು ನಿಂತಲ್ಲೇ ಇಡಬಹುದು.