ಹದಿನೆಂಟು ತುಂಬಿದವರಿಗೆ ಬಾಗಿಲು ಮುಚ್ಚಬೇಕೆ?

ಸವಣೂರಿನ ಎಲೆತೋಟದಲ್ಲಿ ದುಡಿಯುವ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಎಲೆ ಎಣಿಸಿ ಕಟ್ಟುವುದರಲ್ಲಿ ಅವನ ಕೈ ಎಂದೂ ತಪ್ಪದು. ಆದರೆ ಸಂತೆಯ ಗದ್ದಲ ಕೇಳಿದೊಡನೆ ಕಿವಿ ಮುಚ್ಚಿಕೊಳ್ಳುವನು. ಎದುರಿನವರ ಮೋರೆ ನೋಡಿ ಮಾತನಾಡಲಾರನು. ದಿನಚರಿಯು ತುಸು ಬದಲಾದರೂ ಕಂಗೆಡುವನು. ನೆರೆಹೊರೆಯವರು ಅವನನ್ನು ಹುಚ್ಚನೆನ್ನುವರು. ಮನೆಯ ಹಿರಿಯರು, ಮದುವೆಯಾದರೆ ಸರಿಹೋದಾನು ಎನ್ನುವರು. ಎರಡೂ ತಪ್ಪು.

ಇದು ಹುಚ್ಚಲ್ಲ, ಹಟವೂ ಅಲ್ಲ. ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ. ವೈದ್ಯರು ಇದನ್ನು ಆಟಿಸಮ್ ಎನ್ನುವರು. 1943ರಲ್ಲಿ ಅಮೇರಿಕೆಯ ವೈದ್ಯರಾದ ಲಿಯೊ ಕ್ಯಾನರರು ಇದನ್ನು ಮಕ್ಕಳಲ್ಲಿ ಕಂಡು ವರ್ಣಿಸಿದರು. ಇದು ಮಕ್ಕಳ ವಿಷಯವೆಂಬ ಭಾವನೆಯೇ ಇಂದಿಗೂ ಜನರಲ್ಲಿ ಉಳಿದಿದೆ. ಆದರೆ ಮಗು ಬೆಳೆದು ಗಂಡಸೋ ಹೆಂಗಸೋ ಆದ ಮಾತ್ರಕ್ಕೆ ಭಿನ್ನತೆಯು ಅಳಿಯುವುದಿಲ್ಲ. ನೌಕರಿ, ಸಂಸಾರ, ವ್ಯವಹಾರಗಳ ಭಾರ ಬಿದ್ದಾಗಲೇ ಅದರ ಕಷ್ಟವು ಹೆಚ್ಚುವುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನವರಿಗೆ ಮೀಸಲು. ಆ ಮೇಲೆ ಯಾರು? 2016ರ ವಿಕಲಚೇತನರ ಹಕ್ಕುಗಳ ಕಾಯದೆಯು ತಾನು ಹೆಸರಿಸಿದ 21 ನ್ಯೂನತೆಗಳಲ್ಲಿ ಆಟಿಸಮನ್ನೂ ಕಲಿಕೆಯ ತೊಡಕನ್ನೂ ಸೇರಿಸಿದೆ; ಪುನರ್ವಸತಿಗೆ ವಯಸ್ಸಿನ ಗಡಿಯನ್ನು ಹಾಕಿಲ್ಲ. ಕಾಯದೆಯು ಹಾಕದ ಗಡಿಯನ್ನು ನಮ್ಮ ಉದಾಸೀನತೆಯು ಹಾಕಬೇಕೆ?

ಆಪ್ತಸಲಹೆಯೆಂದರೆ ಬುದ್ಧಿವಾದವಲ್ಲ, ಭಿನ್ನತೆಯನ್ನು ತೊಡೆದುಹಾಕುವ ಮದ್ದೂ ಅಲ್ಲ. ಕಳವಳವನ್ನು ಗುರುತಿಸಿ ತಡೆಯುವುದು, ದಿನದ ಕೆಲಸಕ್ಕೆ ಕ್ರಮ ಹಾಕಿಕೊಳ್ಳುವುದು, ಬೇಕಾದುದನ್ನು ಬಾಯಿಬಿಟ್ಟು ಕೇಳುವುದು, ಮನೆಯವರು ಅವನನ್ನು ಅರಿತು ನಡೆಯುವುದು—ಇವನ್ನು ಮೆಲ್ಲಮೆಲ್ಲನೆ ಕಲಿಸುವ ಕಾರ್ಯವದು. ಒಂದು ದಿನದ ಭೇಟಿಯಿಂದ ಇದು ಸಾಗದು.

ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ, ನಿಜ. ಆದರೆ ಹಿರೇಕೆರೂರಿನಿಂದ ಅದು ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಪ್ರತಿ ಸಲವೂ ಇಬ್ಬರ ಕೂಲಿ ಹೋಗಬೇಕು; ಗದ್ದಲವನ್ನು ಸಹಿಸಲಾರದವನು ತುಂಬಿದ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂಡಬೇಕು. ಉಪಚಾರಕ್ಕೆ ಹೋಗುವ ದಾರಿಯೇ ಉಪದ್ರವವಾದರೆ ಎರಡನೆಯ ಸಲ ಹೋಗುವವರಾರು?

ಆದುದರಿಂದ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಗೊತ್ತಾದ ದಿನ, ಒಂದು ಸದ್ದಿಲ್ಲದ ಕೋಣೆ, ಜನರ ಮಾತನ್ನು ಅರಿತ ಒಬ್ಬ ಆಪ್ತಸಲಹೆಗಾರ—ಇಷ್ಟು ಏರ್ಪಡಬೇಕೆಂದು ಅಧಿಕಾರಿಗಳನ್ನು ನಾವು ಆಗ್ರಹಪೂರ್ವಕವಾಗಿ ಕೇಳುತ್ತೇವೆ. ಗ್ರಾಮ ಪಂಚಾಯತಿಗಳ ಪುನರ್ವಸತಿ ಕಾರ್ಯಕರ್ತರು ಇಂಥ ಪ್ರಾಪ್ತವಯಸ್ಕರನ್ನು ಹುಡುಕಿ, ಪ್ರಮಾಣಪತ್ರ ದೊರಕಿಸಿಕೊಡಲಿ. ಅಲ್ಲಿಯವರೆಗೆ ಮನಸ್ಸಿನ ಕಳವಳವು ಮಿತಿಮೀರಿದವರು 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ತಮ್ಮ ತರುವಾಯ ಇವನ ಗತಿಯೇನೆಂದು ಮುಪ್ಪಿನ ತಂದೆತಾಯಿಗಳು ಇರುಳೆಲ್ಲ ಚಿಂತಿಸುತ್ತಿರುವರು. ಆ ಚಿಂತೆಯನ್ನು ಒಂದೊಂದು ಮನೆಯ ಕದದ ಹಿಂದೆ ಬಿಟ್ಟು, ನಾಡು ಮುಂದುವರಿಯಿತೆಂದು ನಾವು ಹಿಗ್ಗುವುದು ಸಲ್ಲದು.